ಅಕ್ಕನ ಮನೆ ಖಾಲಿ ಮಾಡಿದ್ದು

ನನ್ನ ಮನೆಗೆ ಮೊದಲ ಸಲ ಬಂದವರು ಒಳಗೆ ಕಾಲಿಟ್ಟು, ಸುತ್ತ ಕಣ್ಣಾಡಿಸಿ, ಸಾಮಾನು ಇನ್ನೂ ಬರಬೇಕೇ ಎಂದು ಕೇಳುತ್ತಾರೆ. ಕೋಡಿಬಾಗದ ಈ ಎರಡು ಕೋಣೆಯ ಮನೆಗೆ ನಾನು ಬಂದು ಒಂಬತ್ತು ವರ್ಷವಾಯಿತು. ಬರಬೇಕಾದದ್ದೆಲ್ಲ ಬಂದಾಗಿದೆ ಮಾರಾಯರೆ. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ, ಒಂದು ಕಪಾಟು. ಅಡುಗೆಮನೆಯಲ್ಲಿ ನಾನು ಉಂಡು, ಯಾರಾದರೂ ಬಂದರೆ ಅವರಿಗೂ ಬಡಿಸುವಷ್ಟು ಪಾತ್ರೆ. ಗೋಡೆಗೆ ಒಂದೇ ಕ್ಯಾಲೆಂಡರ್, ಅದೂ ಈ ವರ್ಷದ್ದು. ಇಷ್ಟನ್ನು ವಿವರಿಸಿದ ಮೇಲೂ ಅವರು ನನ್ನನ್ನು ಪಾಪ ಎನ್ನುವ ಹಾಗೆ ನೋಡುತ್ತಾರೆ. ಪಕ್ಕದ ಮನೆಯವರಂತೂ ಒಮ್ಮೆ ಪ್ಲಾಸ್ಟಿಕ್ ಹೂವಿನ ಕುಂಡವೊಂದನ್ನು ತಂದು, ಬೇಡ ಅಂದರೂ ಕೇಳದೆ, ಮೇಜಿನ ಮೇಲೆ ಇಟ್ಟು ಹೋದರು. ಅದನ್ನು ಹಿಂದಿರುಗಿಸುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ನಾನು ಹೀಗಾದದ್ದಕ್ಕೆ ಕಾರಣ ಯಾವ ಪುಸ್ತಕವೂ ಅಲ್ಲ, ಫೋನಿನಲ್ಲಿ ಬರುವ ವಿಡಿಯೋಗಳೂ ಅಲ್ಲ. ನನ್ನ ಕೆಲಸ ಕಾರವಾರದ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಸುತ್ತಲೂ ಕಡತ. ನೆಲದಿಂದ ಛಾವಣಿಯವರೆಗೆ ಕಡತ, ಕಪಾಟಿನ ಮೇಲೆ ಕಡತ, ಕೂರುವ ಕುರ್ಚಿಯ ಕೆಳಗೂ ಕಡತ. ಸಮುದ್ರದ ಗಾಳಿಗೆ ಎಲ್ಲವೂ ಹಸಿ ಹಸಿ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಬಿಚ್ಚಿದರೆ ಹುಳ ಓಡುತ್ತದೆ, ಕಟ್ಟಿದರೆ ಸೀನು ಬರುತ್ತದೆ. ಯಾರಿಗೂ ಬೇಡವಾದದ್ದನ್ನು ಎಸೆಯಲು ಯಾರಿಗೂ ಧೈರ್ಯವಿಲ್ಲ, ಹಾಗಾಗಿ ಕಾಯುವುದಕ್ಕೆ ನಾನೊಬ್ಬಳು. ಸಂಜೆ ಮನೆಯ ಬಾಗಿಲು ತೆಗೆದಾಗ ಕಣ್ಣಿಗೆ ಏನೂ ಬೀಳದಿದ್ದರೆ ನನ್ನ ತಲೆ ತಣ್ಣಗಾಗುತ್ತದೆ. ಖಾಲಿ ನೆಲದ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿಯುವುದಕ್ಕಿಂತ ದೊಡ್ಡ ಸುಖವನ್ನು ನಾನಂತೂ ಕಂಡಿಲ್ಲ.

ಹೀಗಿರುವವಳಿಗೆ ದೇವರು ಎಂಥ ಅಕ್ಕನನ್ನು ಕೊಟ್ಟ ನೋಡಿ.

ನನಗಿಂತ ಹದಿಮೂರು ವರ್ಷ ದೊಡ್ಡವಳು. ಅಂಕೋಲೆಯಲ್ಲಿ, ಪೇಟೆಯಿಂದ ಸ್ವಲ್ಪ ಒಳಗೆ, ತನ್ನದೂ ಸೇರಿ ಒಂಬತ್ತು ಮನೆಗಳ ಒಂದು ಕೇರಿಯಲ್ಲಿ ಇರುತ್ತಾಳೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಇರುವುದು ಒಬ್ಬಳೇ, ಆದರೆ ಮನೆ ನೋಡಿದರೆ ನಾಲ್ಕು ಸಂಸಾರ ಒಟ್ಟಿಗೆ ಬಿಟ್ಟು ಹೋದ ಹಾಗಿತ್ತು. ಹಾಲ್ ಎಂಬುದೊಂದಿತ್ತು, ಅದರಲ್ಲಿ ನಡೆಯುವುದಕ್ಕೆ ಒಂದು ದಾರಿ ಬಿಟ್ಟಿದ್ದಳು, ಅಷ್ಟೆ. ದಾರಿಯ ಈ ಕಡೆ ಮಡಚುವ ಕುರ್ಚಿಗಳ ರಾಶಿ, ಆ ಕಡೆ ಚಾಪೆಗಳ ಸುರುಳಿ. ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ. ಕಡ್ಡಿ ಮುರಿದ ಕೊಡೆಗಳು ಏಳು. ಐಸ್‌ಕ್ರೀಮ್ ಖಾಲಿಯಾದ ಡಬ್ಬಗಳು ಎಷ್ಟು ಅಂತ ನಾನು ಲೆಕ್ಕ ಇಡಲಿಲ್ಲ, ಅಕ್ಕನಿಗೆ ಐಸ್‌ಕ್ರೀಮ್ ಸೇರುವುದೇ ಇಲ್ಲ, ಅದೊಂದು ಬೇರೆ ಆಶ್ಚರ್ಯ. ಹಿಂದಿನ ಕೋಣೆಯ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಓರೆಯಾಗಿ ಹೊಕ್ಕರೆ ಒಳಗೆ ದೊಡ್ಡ ದೊಡ್ಡ ಹಂಡೆ, ಕಡಾಯಿ, ಸೌಟು, ಸೀಮೆಎಣ್ಣೆಯ ಸ್ಟೋವು, ಮಗುವಿನ ತೊಟ್ಟಿಲು, ಬಿದಿರಿನ ಏಣಿ. ಮಕ್ಕಳೇ ಇಲ್ಲದ ಮನೆಯಲ್ಲಿ ತೊಟ್ಟಿಲು ಎಂತಕ್ಕೆ ಅಂತ ಕೇಳಿದರೆ, ಬೇಕಾಗ್ತದೆ ಅನ್ನುವಳು. ಯಾರಿಗೆ ಅಂತ ಹೇಳುವುದಿಲ್ಲ. ಇದರ ಮೇಲೆ ಮೇ ತಿಂಗಳು ಬಂದರೆ ಮಳೆಗಾಲದ ಸಂಗ್ರಹ ಬೇರೆ. ಒಣಮೀನು, ಹುಣಸೆ, ಮುರುಗಲ ಹುಳಿಯ ಸಿಪ್ಪೆ, ಹಪ್ಪಳದ ಡಬ್ಬ, ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ. ಒಬ್ಬಳ ಸ್ನಾನಕ್ಕೆ ಊರಿಗೆಲ್ಲ ನೀರು ಕಾಯಿಸುವಷ್ಟು ಸಿಪ್ಪೆ.

ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಹೋದಾಗಲೆಲ್ಲ ಜಗಳವಾಡುತ್ತಿದ್ದೆ. ಒಂದು ಗಂಟೆ ಕೂತರೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಮಾತಾಡೋಣವೆಂದರೆ ಪುರುಸೊತ್ತೇ ಇಲ್ಲ, ಐದು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ಯಾರೋ. ಅಕ್ಕ, ಏಣಿ ಬೇಕಿತ್ತು. ಅಕ್ಕ, ಎರಡು ಕುರ್ಚಿ. ಅಕ್ಕ, ನಿನ್ನೆ ಒಯ್ದ ಪಾತ್ರೆ ತಂದೆ. ಅವಳು ಅರ್ಧ ಮಾತು ಬಿಟ್ಟು ಎದ್ದು ಹೋಗುವಳು. ಒಳಗೆ ಗಡಗಡ ಸದ್ದು, ಏನೋ ಬಿದ್ದ ಸದ್ದು, ಅವಳು ಬೈಯುವ ಸದ್ದು. ಹೊರಗೆ ಬಂದು, ಕೊಟ್ಟು, ಬಂದವಳ ಮನೆಯ ಕಥೆ ಅಷ್ಟೂ ಕೇಳಿ, ಮತ್ತೆ ನನ್ನ ಮುಂದೆ ಕೂತು, ನೀ ಎಂತ ಹೇಳ್ತಾ ಇದ್ದೆ ಅನ್ನುವಳು. ನಾನು ಏನು ಹೇಳುತ್ತಿದ್ದೆ ಅನ್ನುವುದು ನನಗೇ ಮರೆತುಹೋಗಿರುತ್ತಿತ್ತು. ಬಸ್ಸು ಹತ್ತಿ ಬಿಣಗಾ ದಾಟುವ ತನಕ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದೆ.

ಒಂದು ಮಾರ್ಚ್ ತಿಂಗಳಲ್ಲಿ ಅವಳು ಬಿದ್ದಳು. ಯಾರಿಗೋ ಚಾಪೆ ತೆಗೆದುಕೊಡಲು ಹೋಗಿ, ಒಡೆದ ಬಾಲ್ದಿಯೊಂದನ್ನು ಎಡವಿ, ಹಿಂದಿನ ಕೋಣೆಯ ಹೊಸ್ತಿಲ ಮೇಲೆ. ಸೊಂಟದ ಹತ್ತಿರ ಮೂಳೆ ಮುರಿಯಿತು. ಹುಬ್ಬಳ್ಳಿಗೆ ಒಯ್ದು ಆಪರೇಷನ್ ಮಾಡಿಸಿದೆವು. ಒಡೆದ ಬಾಲ್ದಿ! ಅದನ್ನು ಎಸೆ ಅಂತ ನಾನೇ ಎರಡು ವರ್ಷ ಹೇಳಿದ್ದೆ. ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು ನನಗೆ ಅಳುವೂ ಬಂತು, ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು. ಯಾವುದು ಮೊದಲು ಬಂತು ಅಂತ ಕೇಳಬೇಡಿ.

ಡಾಕ್ಟರು ಬಿಡಿಸಿ ಹೇಳಿದರು. ಮೂಳೆ ಕೂಡಿಕೊಳ್ಳುತ್ತದೆ, ಅದರ ಚಿಂತೆ ಬೇಡ. ನಡೆಯಬೇಕು, ದಿನಾ ನಡೆಯಬೇಕು. ಮೊದಲು ವಾಕರ್ ಹಿಡಿದು, ಆಮೇಲೆ ಕೋಲು, ಆಮೇಲೆ ಏನೂ ಇಲ್ಲದೆ. ಮಳೆಗಾಲ ಮುಗಿಯುವುದರೊಳಗೆ ವಾಕರ್ ಬಿಡಿಸಲೇಬೇಕು, ಈ ವಯಸ್ಸಿನಲ್ಲಿ ಒಮ್ಮೆ ಕೂತರೆ ಮತ್ತೆ ಏಳುವುದು ಕಷ್ಟ, ಹಾಸಿಗೆ ಹಿಡಿಯುತ್ತಾರೆ ಅಂದರು. ಅಕ್ಕ ಹಾಸಿಗೆ ಹಿಡಿಯುವುದನ್ನು ನನಗೆ ಊಹಿಸಲಿಕ್ಕೂ ಆಗಲಿಲ್ಲ. ಅಮ್ಮ ಹೋದ ಮೇಲೆ ನನ್ನ ಜಡೆ ಹೆಣೆದವಳು, ಶಾಲೆಗೆ ಎಳೆದುಕೊಂಡು ಹೋದವಳು, ನನ್ನ ನೌಕರಿಯ ಅರ್ಜಿ ಹಾಕಲು ಕಾರವಾರದ ಬಸ್ಸಿಗೆ ಹತ್ತಿಸಿದವಳು ಅವಳೇ. ಅವಳನ್ನು ನಡೆಸಿಯೇ ನಡೆಸುತ್ತೇನೆ ಅಂತ ಹಠ ಹಿಡಿದೆ. ಅವಳ ಮನೆಯಲ್ಲಿ ವಾಕರ್ ತಿರುಗಿಸುವುದಿರಲಿ, ಇಡುವುದಕ್ಕೂ ಜಾಗವಿಲ್ಲ. ಸೀದಾ ಕೋಡಿಬಾಗಕ್ಕೆ ಕರೆದುಕೊಂಡು ಬಂದೆ.

ನನ್ನ ಮನೆ ವಾಕರ್ ಹಿಡಿದವರಿಗೆಂದೇ ಕಟ್ಟಿದ ಹಾಗಿತ್ತು. ನೆಲಮಹಡಿ, ಮೆಟ್ಟಿಲಿಲ್ಲ, ಎಡವಲು ಒಂದು ಕಡ್ಡಿಯೂ ಇಲ್ಲ. ಮನೆಗೆ ಬಂದು ವ್ಯಾಯಾಮ ಹೇಳಿಕೊಡುತ್ತಿದ್ದ ಫಿಸಿಯೋಥೆರಪಿ ಹುಡುಗಿ ನೋಡಿ ಖುಷಿಪಟ್ಟಳು. ಎಷ್ಟು ಚಂದ, ಎಲ್ಲರ ಮನೆ ಹೀಗಿದ್ದರೆ ಎಂದಳು. ನನಗೆ ಆ ದಿನ ನಿಜಕ್ಕೂ ಗರ್ವ ಬಂತು. ಅಕ್ಕ ಮಂಚದ ಮೇಲೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಆ ಹುಡುಗಿ ಇದ್ದಷ್ಟು ಹೊತ್ತು ನಡೆಯುವಳು. ಅವಳು ಗೇಟು ದಾಟಿದ್ದೇ ತಡ, ಮಂಚ. ನಾನು ಕಚೇರಿಗೆ ಹೊರಡುವಾಗ ಕೂತ ಜಾಗದಲ್ಲೇ ಸಂಜೆ ಬಂದಾಗಲೂ ಕೂತಿರುವಳು. ಬೆಳಿಗ್ಗೆ ನಾನು ಬಡಿಸಿಟ್ಟ ಊಟ ಕೈಗೆಟುಕುವ ಹಾಗಿದ್ದರೆ ಉಂಡಿರುವಳು, ನಾಲ್ಕು ಹೆಜ್ಜೆ ದೂರವಿದ್ದರೆ ಇಲ್ಲ. ಬೇಕೆಂದೇ ದೂರವಿಟ್ಟು ನೋಡಿದೆ. ಉಪವಾಸ ಕೂತಳು. ನಾನು ಬೈದೆ, ಬೇಡಿಕೊಂಡೆ, ಡಾಕ್ಟರ ಹೆಸರು ಹೇಳಿ ಹೆದರಿಸಿದೆ. ಒಂದು ದಿನ ಕೂಗಿಯೇಬಿಟ್ಟೆ, ಇಷ್ಟು ಜಾಗ ಇದೆ, ನಡೆಯೋದಕ್ಕೇನು ರೋಗ ಅಂತ.

“ಎಲ್ಲಿಗೆ ನಡೂದೆ?” ಅಂದಳು ಅಕ್ಕ. “ಆ ಗೋಡೆ ತಂಕ ಹೋಗಿ, ಗೋಡೆ ನೋಡ್ಕಂಡು ಬರೂದಾ?”

ಇದಕ್ಕೆ ಏನು ಹೇಳಬೇಕು? ನಡಿಗೆ ಅಂದರೆ ನಡಿಗೆ, ಅದಕ್ಕೊಂದು ಊರು ಬೇಕೇ? ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ನಾವೆಲ್ಲ ಹೋಗುತ್ತೇವಲ್ಲ, ಆ ತುದಿಗೆ ಹೋಗಿ ಏನು ಮಾಡುತ್ತೇವೆ, ತಿರುಗಿ ಬರುತ್ತೇವೆ. ಹೀಗೆಲ್ಲ ವಾದಿಸಿದೆ. ಅವಳು ಕೇಳಿಸಿಕೊಂಡಳು. ಮಾರನೆಯ ದಿನ ನನ್ನ ಕಪಾಟು ತೆಗೆದು, ಇಷ್ಟೇನಾ ಸೀರೆ ಅಂತ ಕೇಳಿದಳು. ಆಮೇಲೆ ಮತ್ತೆ ಮಂಚ.

ಅವಳಿಗೆ ತನ್ನ ಮನೆಯ ನೆನಪು, ಅದಕ್ಕೇ ಹೀಗೆ ಅಂತ ನಾನು ತೀರ್ಮಾನಿಸಿದೆ. ಅಷ್ಟರ ಮಟ್ಟಿಗೆ ನನ್ನ ತೀರ್ಮಾನ ಸರಿಯಾಗಿಯೇ ಇತ್ತು. ಮನೆಗೆ ಕಳಿಸಬೇಕು, ಆದರೆ ಆ ಸಂತೆಯೊಳಗೆ ಕಳಿಸಿದರೆ ಮತ್ತೆ ಬೀಳುತ್ತಾಳೆ. ಹಾಗಾದರೆ ಸಂತೆಯನ್ನೇ ಎತ್ತಬೇಕು. ಮನೆಯನ್ನು ಸ್ವಲ್ಪ ಸರಿ ಮಾಡಿ ಬರುತ್ತೇನೆ ಅಂತ ಅವಳಿಗೆ ಹೇಳಿದೆ. ಮಾಡು ಅಂದಳು. ಎಷ್ಟು ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾಲ್ಕು ಭಾನುವಾರ ಬೇಕಾಯಿತು. ಬೆಳಗಿನ ಬಸ್ಸಿಗೆ ಹೋಗಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಶುರುಮಾಡಿದರೆ ಸಂಜೆಗೆ ನಾನೇ ಯಾರೆಂದು ಗುರುತು ಸಿಗುತ್ತಿರಲಿಲ್ಲ. ನಿಜ ಹೇಳುತ್ತೇನೆ, ಆ ನಾಲ್ಕು ಭಾನುವಾರ ನಾನು ಬಹಳ ಸುಖವಾಗಿದ್ದೆ. ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೇಳು ವರ್ಷ ಒಂದು ಕಾಗದ ಹರಿಯಲು ಅಧಿಕಾರವಿಲ್ಲದೆ ದುಡಿದವಳು ನಾನು. ಇಲ್ಲಿ ಕೇಳುವವರೇ ಇಲ್ಲ. ಕೊಡೆ ಹೋಯಿತು, ಡಬ್ಬ ಹೋಯಿತು, ಕುರ್ಚಿ, ಚಾಪೆ, ಸ್ಟೋವು ಹೋದವು. ಗುಜರಿಯವನು ಟೆಂಪೋ ತಂದು ಎರಡು ಸಲ ತುಂಬಿಸಿಕೊಂಡು ಹೋದ. ಹಿಂದಿನ ಕೋಣೆಯ ಬಾಗಿಲು ಪೂರ್ತಿ ತೆರೆದುಕೊಂಡಾಗ ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

ಕೇರಿಯ ಹೆಂಗಸರು ಆಗಾಗ ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಅಕ್ಕ ಹೇಗಿದ್ದಾಳೆ ಅಂತ ಕೇಳುವರು, ಟೆಂಪೋ ಕಡೆ ನೋಡುವರು, ಹೋಗುವರು. ಪುಕ್ಕಟೆ ಏನಾದರೂ ಸಿಗುತ್ತದೋ ಅಂತ ಬರುತ್ತಾರೆ ಅಂದುಕೊಂಡೆ. ಅಷ್ಟು ವರ್ಷ ಈ ಮನೆಯಿಂದ ಸಾಗಿಸಿದ್ದು ಸಾಲದೇ ಅಂತ ಒಳಗೊಳಗೇ ಕುದಿಯುತ್ತಿದ್ದೆ. ಎದುರು ಮನೆಯವಳು, ನನಗಿಂತ ಸ್ವಲ್ಪ ಚಿಕ್ಕವಳು, ದೊಡ್ಡ ಕಡಾಯಿಯನ್ನು ಗುಜರಿಯವನು ಎತ್ತುತ್ತಿದ್ದಾಗ ಅಂಗಳದೊಳಗೇ ಬಂದುಬಿಟ್ಟಳು.

“ಅದ್ನೂ ಕೊಡ್ತ್ರಾ?” ಅಂತ ಕೇಳಿದಳು.

ಎಲ್ಲವನ್ನೂ ಕೊಡುತ್ತೇನೆ, ಇನ್ನು ಮೇಲೆ ಈ ಮನೆಯಲ್ಲಿ ಬೇಡದ ಸಾಮಾನು ಇಡುವುದಿಲ್ಲ ಅಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಇತ್ತು ಅಂತ ಕಾಣುತ್ತದೆ. ಅವಳು ಹೌದಾ ಅಂದಳು. ಸ್ವಲ್ಪ ಹೊತ್ತು ಕಡಾಯಿಯನ್ನು ನೋಡುತ್ತ ನಿಂತಳು. ಸುಮ್ನೆ ಕೇಳ್ದೆ, ಚಲೋ ಆಯ್ತು ಬಿಡಿ, ಅಂದು ಸೆರಗು ಸರಿಮಾಡಿಕೊಂಡು ಹೋದಳು. ನಾನು ಗುಜರಿಯವನಿಗೆ ಬೇಗ ಬೇಗ ಅಂತ ಅವಸರ ಮಾಡಿದೆ.

ಮೇ ಮಧ್ಯದಲ್ಲಿ ಅಕ್ಕನನ್ನು ಕಾರಿನಲ್ಲಿ ಕರೆತಂದೆ. ಬೈಯುತ್ತಾಳೆ, ಅಳುತ್ತಾಳೆ, ಕೇರಿ ಸೇರಿಸುತ್ತಾಳೆ, ಎಲ್ಲಕ್ಕೂ ಉತ್ತರ ತಯಾರು ಮಾಡಿಕೊಂಡಿದ್ದೆ. ಅವಳು ವಾಕರ್ ಊರುತ್ತ ಒಳಗೆ ಬಂದಳು. ಹಾಲ್‌ನ ನಡುವೆ ನಿಂತು ಒಂದು ಸುತ್ತು ತಿರುಗಿದಳು. ಅಡುಗೆಮನೆ ಇಣುಕಿದಳು. ಹಿಂದಿನ ಕೋಣೆಯ ಕಡೆಗೆ ಹೋಗಲಿಲ್ಲ. ಕಿಟಕಿಯ ಹತ್ತಿರ ಹಾಕಿದ್ದ ಒಂದೇ ಕುರ್ಚಿಯ ಮೇಲೆ ಕೂತಳು.

“ಚಲೋ ಮಾಡಿದ್ಯೆ,” ಅಂದಳು. “ಗಾಳಿ ಬತ್ತದೆ.”

ಅಷ್ಟೆ. ನನ್ನ ಉತ್ತರಗಳೆಲ್ಲ ಬಾಯಲ್ಲೇ ಉಳಿದವು. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಅಕ್ಕ ಹೊರಗಿನವರ ಮನೆಗೆ ಹೋದಾಗ ಮಾತ್ರ ಹೀಗೆ ಮರ್ಯಾದೆಯಿಂದ ಮಾತಾಡುವವಳು.

ಅಡುಗೆಗೆ ಒಬ್ಬ ಹೆಂಗಸನ್ನು ಗೊತ್ತು ಮಾಡಿ, ವ್ಯಾಯಾಮದ ಚೀಟಿಯನ್ನು ಗೋಡೆಗೆ ಅಂಟಿಸಿ ನಾನು ಕೆಲಸಕ್ಕೆ ಮರಳಿದೆ. ದಿನಾ ಸಂಜೆ ಫೋನು. ನಡೆದೆಯಾ? ಹ್ಞೂಂ. ಎಷ್ಟು ಸಲ? ಎರಡು. ಕೋಲು ಹಿಡಿದೆಯಾ? ಹಿಡೀತೆ, ನಾಳೆ. ಜೂನ್ ಬಂತು, ಮಳೆ ಹಿಡಿಯಿತು. ಇಡೀ ತಿಂಗಳು ಇದೇ ಉತ್ತರ. ಜುಲೈಯಲ್ಲಿ ಅಡುಗೆಯ ಹೆಂಗಸು ನನಗೆ ತಾನೇ ಫೋನು ಮಾಡಿ, ಅಮ್ಮ ಕುರ್ಚಿ ಬಿಟ್ಟು ಏಳುವುದೇ ಇಲ್ಲ, ಕಾಲು ಬಾತಿದೆ, ಬಚ್ಚಲಿಗೆ ಹೋಗಲೂ ನನ್ನ ಭುಜ ಬೇಕು ಅಂದಳು. ನನ್ನ ಪಿತ್ತ ನೆತ್ತಿಗೇರಿತು. ವಯಸ್ಸಾದ ಮೇಲೆ ಸುಳ್ಳು ಹೇಳುವುದನ್ನು ಕಲಿತಳಲ್ಲ! ಮುಂದಿನ ಭಾನುವಾರ ಹೋಗಿ, ಅಕ್ಕನ ಮುಂದೆ ಕೂತು, ನಡೆಸಿಯೇ ಬರುತ್ತೇನೆ ಅಂತ ಹೊರಟೆ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೆವು. ಹೊರಗೆ ಮಳೆ ಸುರಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಸುರಿಯುತ್ತಿತ್ತು. ಮನೆ ಸ್ವಚ್ಛವಾಗಿತ್ತು, ನೆಲ ಹೊಳೆಯುತ್ತಿತ್ತು. ನಾನು ಬೇಕೆಂದು ಹಂಬಲಿಸುವ ಮನೆಯೇ ಅದು. ಆ ಮನೆಯಲ್ಲಿ ಮೊದಲ ಸಲ ಅಕ್ಕ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ನಡುವೆ ಏಳಲಿಲ್ಲ. ಹನ್ನೆರಡರ ಹೊತ್ತಿಗೆ ನನ್ನಲ್ಲಿ ಮಾತು ಮುಗಿಯಿತು. ಆಗ ಹೊಳೆಯಿತು, ಇಷ್ಟು ಹೊತ್ತಾದರೂ ಬಾಗಿಲಿಗೆ ಒಬ್ಬರೂ ಬರಲಿಲ್ಲ.

ಯಾರೂ ಬರುವುದಿಲ್ಲವೇ ಅಂತ ಕೇಳಿದೆ. ಮಳೆ ಅಲ್ದಾ, ಅಂದಳು. ಈ ಕೇರಿಯಲ್ಲಿ ಮಳೆಗೆ ಹೆದರಿ ಮನೆಯೊಳಗೆ ಕೂತವರನ್ನು ನಾನು ಈವರೆಗೆ ನೋಡಿಲ್ಲ.

ಕೊಡೆ ಹಿಡಿದು ಎದುರು ಮನೆಗೆ ಹೋದೆ. ಸೀದಾ ಕೇಳಿದೆ, ಅಷ್ಟು ವರ್ಷ ಬೇಕು ಬೇಕಾದದ್ದಕ್ಕೆಲ್ಲ ಬಂದಿರಿ, ಈಗ ಅವಳು ಕೂತಲ್ಲೇ ಕೂತಿರುವಾಗ ಒಬ್ಬರಿಗೂ ಬರಲಾಗುವುದಿಲ್ಲವೇ? ಎದುರು ಮನೆಯವಳು ಮುಖ ಬಾಡಿಸಿಕೊಂಡಳು. ಒಳಗೆ ಕರೆದು ಕೂರಿಸಿದಳು.

“ಬರೂಕೆ ಎಂತಾದ್ರೂ ಕೆಲ್ಸ ಬೇಕಲ್ರಾ,” ಅಂದಳು. “ಸುಮ್ನೆ ಬಂದು ಕುಂತ್ರೆ ಕಾಯ್ಲೆದವ್ರನ್ನ ನೋಡೂಕೆ ಬಂದಾಂಗೆ ಆಗ್ತದೆ. ಅಕ್ಕಂಗೆ ಅದು ಸೇರೂದಿಲ್ಲ.”

ಅವಳು ನಿಧಾನವಾಗಿ ಬಿಡಿಸುತ್ತ ಹೋದಳು, ಒಂದೊಂದು ಮಾತಿಗೂ ಬೇಜಾರು ಮಾಡ್ಕಳಬೇಡಿ ಅನ್ನುತ್ತ. ಆ ಸಾಮಾನಿನಲ್ಲಿ ಅರ್ಧಕ್ಕರ್ಧ ಅಕ್ಕನದಲ್ಲ. ಏಣಿ ಮೂರನೆಯ ಮನೆಯವರದು. ಕುರ್ಚಿಗಳು ಯಾರದೋ ಮದುವೆಗೆಂದು ಎಂಟು ಮನೆಯವರು ಸೇರಿ ತಂದದ್ದು. ತೊಟ್ಟಿಲು ಮೂಲೆಮನೆಯದು, ಕೇರಿಯ ಮಕ್ಕಳೆಲ್ಲ ಸರದಿಯ ಮೇಲೆ ಮಲಗಿದ್ದು ಅದರಲ್ಲೇ. ಎಲ್ಲರ ಮನೆಯೂ ಚಿಕ್ಕದು, ಎಲ್ಲರ ಮನೆಯಲ್ಲೂ ಜನ. ಅಕ್ಕ ಒಬ್ಬಳೇ ಇರುವವಳು, ನನ್ನಲ್ಲಿ ಇಡಿ, ಬೇಕಾದಾಗ ಬಂದು ಒಯ್ಯಿರಿ ಅಂದಿದ್ದಳಂತೆ, ಭಾವ ಹೋದ ವರ್ಷ. ಐಸ್‌ಕ್ರೀಮಿನ ಡಬ್ಬಗಳು ಕೂಡ ಬೇರೆಯವರವೇ. ಯಾರ ಮನೆಯಲ್ಲಿ ಏನು ಮಾಡಿದರೂ ಅದರಲ್ಲಿ ಇವಳಿಗೊಂದು ಪಾಲು ಬರುತ್ತಿತ್ತು, ಡಬ್ಬ ಇಲ್ಲೇ ಉಳಿಯುತ್ತಿತ್ತು.

ಮತ್ತೆ ಆ ಕಡಾಯಿ ಅಂದೆ. ಅವಳು ನಕ್ಕಳು. ಅದು ನಮ್ದೇ, ಅತ್ತೆಯ ಕಾಲದ್ದು ಅಂದಳು. ಹಾಗಿದ್ದರೆ ಆ ದಿನ ಬಾಯಿಬಿಟ್ಟು ಹೇಳಬಾರದಿತ್ತೇ? ನಮ್ಮದು, ಇಳಿಸಿ ಅಂತ ಒಂದು ಮಾತು! ನೀವು ಅಷ್ಟು ಸಿಟ್ಟಿನಲ್ಲಿದ್ರಿ, ಒಂದು ಕಡಾಯಿಗೆ ಮನಸ್ಸು ಕೆಡಿಸಿಕೊಳ್ಳೂದು ಎಂತಕ್ಕೆ ಅಂತ ಸುಮ್ನಾದೆ, ಅಂದಳು. ಒಬ್ಬಳಲ್ಲ, ಎಂಟು ಮನೆಯವರೂ ಹಾಗೇ ಸುಮ್ಮನಾಗಿದ್ದರು. ತಮ್ಮ ಸಾಮಾನು ಟೆಂಪೋ ಹತ್ತುವುದನ್ನು ಗೇಟಿನ ಹತ್ತಿರ ನಿಂತು ನೋಡಿ, ಅಕ್ಕ ಹೇಗಿದ್ದಾಳೆ ಅಂತ ನನ್ನನ್ನು ಕೇಳಿ, ಮನೆಗೆ ಹೋಗಿದ್ದರು. ಈ ದಾಕ್ಷಿಣ್ಯಕ್ಕೆ ಬೆಂಕಿ ಬೀಳಲಿ! ಒಬ್ಬಳಾದರೂ ನನ್ನ ಕೈ ಹಿಡಿದು ನಿಲ್ಲಿಸಿ ಜಗಳ ಮಾಡಿದ್ದರೆ ನಾನು ಆ ದಿನವೇ ಬಚಾವಾಗುತ್ತಿದ್ದೆ. ಅಕ್ಕನ ಮೇಲಿದ್ದ ಸಿಟ್ಟು, ಕೇರಿಯ ಮೇಲಿದ್ದ ಸಿಟ್ಟು ಎಲ್ಲವೂ ಎದುರು ಮನೆಯ ಆ ಹಾಲ್‌ನಲ್ಲಿ ಕೂತೇ ತಿರುಗಿ ನನ್ನ ಮೇಲೆ ಬಂತು. ಅಕ್ಕನಾದರೂ ಹೇಳಬಾರದಿತ್ತೇ? ಅವಳು ಯಾವಾಗ ಹೇಳಬೇಕಿತ್ತು, ನಾನು ಕೇಳಿದ್ದು ಯಾವಾಗ?

ಕೆಡಿಸಿದವಳು ನಾನು, ಸರಿಪಡಿಸುವವಳೂ ನಾನೇ ಅಂತ ಮತ್ತೆ ಹಠ ಹಿಡಿದೆ. ನನ್ನ ಸ್ವಭಾವವೇ ಹಾಗೆ, ಒಂದು ತಪ್ಪು ಮಾಡಿದರೆ ಅದರ ಬೆನ್ನಿಗೆ ಇನ್ನೊಂದನ್ನು ಅದೇ ಜೋರಿನಲ್ಲಿ ಮಾಡುವವಳು. ಗುಜರಿಯವನನ್ನು ಹುಡುಕಿಕೊಂಡು ಹೋದೆ. ಅವನು ಆಕಾಶದ ಕಡೆ ಕೈ ತೋರಿಸಿದ, ಎಲ್ಲ ಯಾವಾಗಲೋ ಹುಬ್ಬಳ್ಳಿಗೆ ಹೋಗಿಯಾಗಿತ್ತು. ಕಾರವಾರದ ಭಾನುವಾರದ ಸಂತೆಯಲ್ಲಿ ಒಂದು ದೊಡ್ಡ ಕಡಾಯಿ, ಆರು ಚಾಪೆ, ಒಂದು ಏಣಿ ತೆಗೆದುಕೊಂಡೆ. ನಾನು, ಒಂದು ಹೂವಿನ ಕುಂಡವನ್ನು ಮನೆಯಲ್ಲಿ ಸಹಿಸದವಳು, ಏಣಿಯನ್ನು ಟೆಂಪೋದ ಮೇಲೆ ಕಟ್ಟಿಸಿಕೊಂಡು ಅಂಕೋಲೆಗೆ ಹೋದೆ! ಎಂಟು ಮನೆಗೂ ಹೋಗಿ ತಪ್ಪಾಯಿತು ಅಂದೆ. ಎಲ್ಲರೂ ಚಹಾ ಕೊಟ್ಟರು. ಕಡಾಯಿಯನ್ನು ಎದುರು ಮನೆಯವಳ ಮುಂದಿಟ್ಟರೆ ಅವಳು ಅದನ್ನು ಮುಟ್ಟಿ ನೋಡಿ, ಚಲೋ ಅದೆ, ಆದ್ರೆ ನಾವು ಮೊನ್ನೆ ತಕಂಡ್ವು ಅಂದಳು. ಮೂರನೆಯ ಮನೆಯವರೂ ಏಣಿ ತೆಗೆದುಕೊಂಡಿದ್ದರು. ಪ್ರತಿ ಮನೆಯ ಜಗಲಿಯ ಮೇಲೂ ಹೊಸ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು. ಒಂದು ಮನೆಯ ರಾಶಿಯನ್ನು ತೆಗೆದು ಎಂಟು ಮನೆಗೆ ಎಂಟು ರಾಶಿ ಹಂಚಿದ ಪುಣ್ಯ ನನ್ನದಾಯಿತು. ಈಗ ಯಾರಿಗೂ ಯಾರ ಮನೆಗೂ ಹೋಗುವ ಕೆಲಸವಿರಲಿಲ್ಲ.

ನಾನು ತಂದದ್ದನ್ನು ಅಕ್ಕನ ಮುಂದೆ ಇಳಿಸಿದೆ. ಇದು ಎಂತಕ್ಕೆ, ಅಂದಳು. ಬೇಕಾಗುತ್ತದೆ ಅಂದೆ. ಅವಳು ನನ್ನ ಮುಖವನ್ನು ನೋಡಿದಳು, ನಗಲಿಲ್ಲ. ನಿನ್ನ ಮನೆಗೆ ಒಯ್ಯಿ, ಅಲ್ಲಿ ಜಾಗ ಅದೆ, ಅಂದಳು. ನಾನು ಅಂಗಳದ ಮಾಡಿನ ಕೆಳಗೆ ಇಟ್ಟೆ. ಅಲ್ಲೇ ಉಳಿದವು, ಯಾರೂ ಕೇಳಲಿಲ್ಲ.

ಚೌತಿಗೆ ಇನ್ನು ಎಂಟು ದಿನವಿದ್ದಾಗ ರಜೆ ಹಾಕಿ ಅಕ್ಕನ ಮನೆಗೆ ಬಂದೆ. ಡಾಕ್ಟರು ಹೇಳಿದ ಮಳೆಗಾಲ ಮುಗಿಯುತ್ತ ಬಂದಿತ್ತು. ಅಕ್ಕ ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕುರ್ಚಿಗೆ, ವಾಕರ್ ಮೇಲೆ ಮೈಯ ಭಾರವೆಲ್ಲ ಹಾಕಿ. ಕೋಲು ಮೂಲೆಯಲ್ಲಿ ಹಾಗೇ ಇತ್ತು, ಅದರ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ನಾನು ಬೈಯುವುದನ್ನು ಬಿಟ್ಟಿದ್ದೆ. ಅದು ಅವಳಿಗೆ ಹೆಚ್ಚು ಗಾಬರಿ ತಂದಿತ್ತು ಅಂತ ಕಾಣುತ್ತದೆ, ಆಗಾಗ ನನ್ನ ಕಡೆ ನೋಡುವಳು.

ಬೆಳಿಗ್ಗೆ ಹತ್ತರ ಸುಮಾರು. ಕೇರಿಯಲ್ಲೆಲ್ಲ ಚಕ್ಕುಲಿಯ ಹಿಟ್ಟು ಹುರಿಯುವ ವಾಸನೆ. ನಾನು ಅಡುಗೆಮನೆಯಲ್ಲಿ ಸಾರಿಗೆ ಮಸಾಲೆ ರುಬ್ಬಿಕೊಂಡು ನಿಂತಿದ್ದೆ, ಅಲ್ಲಿಂದ ಹಾಲ್ ಪೂರ್ತಿ ಕಾಣುತ್ತದೆ. ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಕಡೆಯ ಮನೆಗೆ ಮೇ ಕೊನೆಯಲ್ಲಿ ಮದುವೆಯಾಗಿ ಬಂದು, ಆಷಾಢಕ್ಕೆ ತವರಿಗೆ ಹೋಗಿ ಮರಳಿದವಳು, ಕಾಳಿ ನದಿಯ ಆಚೆಯವಳು. ಅವಳಿಗೆ ಈ ಮನೆಯ ಕಥೆ ಗೊತ್ತಿರಲಿಲ್ಲ. ಅತ್ತೆ ತವರಿಗೆ ಹೋಗಿದ್ದಾರಂತೆ, ಚಕ್ಕುಲಿ ಒರಳು ಎಲ್ಲಿಟ್ಟಿದ್ದಾರೋ ಸಿಗುತ್ತಿಲ್ಲವಂತೆ, ಹಿಟ್ಟು ಕಲಸಿಯಾಗಿದೆಯಂತೆ. ಏನು ಬೇಕಿದ್ದರೂ ಈ ಮನೆಯಲ್ಲಿ ಸಿಗುತ್ತದೆ ಅಂತ ಮದುವೆ ಗೊತ್ತಾದಾಗಲೇ ಗಂಡ ಹೇಳಿದ್ದನಂತೆ.

“ಅಕ್ಕ, ಚಕ್ಕುಲಿ ಒತ್ತೂ ಒರಳು ಇದ್ಯಂತಲ್ರಾ ನಿಮ್ಮಲ್ಲಿ?”

“ಅದೆ ಅದೆ,” ಅಂದಳು ಅಕ್ಕ. “ತಡಿ, ಕೊಡ್ತೆ.”

ಎರಡು ಕೈಯನ್ನೂ ಕುರ್ಚಿಯ ಮೇಲೆ ಊರಿ ಎದ್ದಳು. ವಾಕರ್ ಪಕ್ಕದಲ್ಲೇ ಇತ್ತು, ಅದರ ಕಡೆ ನೋಡಲಿಲ್ಲ. ಹೊರಟಳು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಲೇ ನಡೆದಳು, ಅವಸರದಲ್ಲಿ, ಹಳೆಯ ಅವಸರದಲ್ಲಿ. ಹಿತ್ತಾಳೆದು ಒಂದು ಅದೆ, ಅಚ್ಚು ಸ್ವಲ್ಪ ಬಿಗಿ, ಎಣ್ಣೆ ಹಚ್ಚಿಕೋ, ಅಂತ ಹಿಂದೆ ತಿರುಗದೆ ಹೇಳುತ್ತಿದ್ದಳು. ನನ್ನ ಕೈ ನಿಂತುಹೋಯಿತು. ಐದು ತಿಂಗಳು ನಾನು ಬೈದು, ಬೇಡಿ, ಅತ್ತು, ಹೆದರಿಸಿ ಕಾಣದ್ದನ್ನು ಕಾಣುತ್ತಿದ್ದೆ. ಹೆಜ್ಜೆ ಎಣಿಸಿದೆ. ಏಳು, ಎಂಟು, ಒಂಬತ್ತು. ನನಗೆ ಕೂಗಿ ಕುಣಿಯಬೇಕು ಅನ್ನಿಸಿತು. ಹತ್ತನೆಯ ಹೆಜ್ಜೆಗೆ ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಅನ್ನುವುದು ತಲೆಗೆ ಹೊಳೆಯಿತು.

ಹನ್ನೊಂದನೆಯ ಹೆಜ್ಜೆಗೆ ಅವಳು ಹಿಂದಿನ ಕೋಣೆಯ ಬಾಗಿಲು ದೂಡಿದಳು. ಅದು ಗೋಡೆಗೆ ಹೋಗಿ ಬಡಿಯುವಷ್ಟು ಸಲೀಸಾಗಿ ತೆರೆದುಕೊಂಡಿತು.

ಅವಳು ಅಲ್ಲೇ ನಿಂತಳು. ಒಳಗೆ ಏನೂ ಇರಲಿಲ್ಲ. ನಾನೇ ಸಾರಿಸಿ ಒರೆಸಿದ್ದ ನೆಲ, ಕಿಟಕಿ, ಬೆಳಕು. ಆಮೇಲೆ ಅವಳ ಎಡಗೈ ಗಾಳಿಯಲ್ಲಿ ಆಚೀಚೆ ಆಡಿತು. ಹಿಡಿಯಲು ಕುರ್ಚಿಯ ಬೆನ್ನು, ಹಂಡೆಯ ಅಂಚು, ಏನಾದರೊಂದು ಬೇಕಿತ್ತು ಅವಳಿಗೆ. ನಾನು ಕೈಯ ಮಸಾಲೆಯಲ್ಲೇ ಓಡಿಹೋಗಿ ಹಿಡಿದುಕೊಂಡೆ. ಅಕ್ಕ, ನೀ ನಡೆದೆ, ಗೊತ್ತಾಯ್ತಾ, ನಡೆದೆ, ಅಂತ ಏನೇನೋ ಹೇಳಿದೆ. ಅವಳಿಗೆ ಅದು ಕೇಳಿಸಲಿಲ್ಲ. ಕುತ್ತಿಗೆ ಮಾತ್ರ ತಿರುಗಿಸಿ ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡಿದಳು.

“ಇಲ್ಲ ತಂಗಿ,” ಅಂದಳು. “ಅದೆ ಅಂದ್ಕಂಡಿದ್ದೆ. ಬೇರೆ ಯಾರ್ದಾದ್ರೂ ಮನೇಲಿ ಕೇಳು.”

ಆ ಹುಡುಗಿ ತೊಂದರೆ ಇಲ್ಲ ಅಕ್ಕ, ಅಂದು ಹೋದಳು. ಅಂಗಳ ದಾಟಿ ಅವಳು ಎದುರು ಮನೆಯವಳನ್ನು ಕರೆಯುವುದು ಕೇಳಿಸಿತು. ಅಕ್ಕ ಅದನ್ನು ಕೇಳಿಸಿಕೊಂಡು, ಬಾಗಿಲನ್ನು ತಾನೇ ಮೆಲ್ಲಗೆ ಎಳೆದು ಹಾಕಿದಳು. ಕುರ್ಚಿಯವರೆಗೆ ಹೀಗೇ ಹೋಗೋಣ, ನನ್ನ ಕೈ ಹಿಡಿದುಕೋ, ಬಂದ ಹಾಗೇ ಹೋದರಾಯಿತು ಅಂದೆ. ಅವಳು ಕಾಲು ಎತ್ತಲಿಲ್ಲ.

“ಆ ವಾಕರ್ ತಕಬಾ,” ಅಂದಳು.

ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಹನ್ನೊಂದು ಹೆಜ್ಜೆ ಹೋಗಿ ತಂದುಕೊಟ್ಟೆ.